ಫೋನ್ ಇಲ್ದೆ ಮಗು ಉಣ್ಣಲ್ಲ ಅನ್ನೋ ತಾಯಿಗೆ ನರ್ಸ್ ಏನ್ ಹೇಳ್ಬೇಕು?

ಪ್ರಶ್ನೆ: ಮೇಡಂ, ನಾನು ಹಳ್ಳಿ ಕಡೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸ್. ಲಸಿಕೆ ದಿನ ಬರೋ ತಾಯಂದಿರಿಗೆ ಮೊಬೈಲ್ ಕೊಡ್ಬೇಡಿ, ಪ್ಯಾಕೆಟ್ ತಿಂಡಿ ಬೇಡ, ಹಲ್ಲುಜ್ಜಿಸಿ ಅಂತ ಎಲ್ಲಾ ಹೇಳ್ತೀನಿ. ಹೂಂ ಸಿಸ್ಟರ್ ಅಂತಾರೆ, ಮುಂದಿನ ಸಲ ನೋಡಿದ್ರೆ ಮಗು ಕೈಲಿ ಅದೇ ಫೋನು, ಅದೇ ಚಿಪ್ಸು. ಎರಡೂವರೆ ವರ್ಷದ ಒಬ್ಬ ಅಂತೂ ಫೋನ್ ಇಲ್ದೆ ತುತ್ತೇ ನುಂಗಲ್ವಂತೆ. ಹೆಂಗ್ ಹೇಳಿದ್ರೆ ಕೇಳ್ತಾರೆ?

ಉತ್ತರ: ಸಿಸ್ಟರ್, ಹೇಳೋದನ್ನ ಸ್ವಲ್ಪ ಕಮ್ಮಿ ಮಾಡಿ, ಕೇಳೋದು ಜಾಸ್ತಿ ಮಾಡಿ. ಸೂಜಿ ಹಾಕಿಸ್ಕೊಂಡು ಮಗು ಕಿರುಚ್ತಿರುವಾಗ ಐದಾರು ಬುದ್ಧಿಮಾತು ಒಟ್ಟಿಗೆ ಹೇಳಿದ್ರೆ ಯಾವ ತಾಯಿ ತಲೆಗೂ ಹೋಗಲ್ಲ, ಹೂಂ ಅಂದು ಎದ್ದು ಹೋಗೋದೇ ಸುಲಭ.

ಆ ಎರಡೂವರೆ ವರ್ಷದವನ ತಾಯಿನ ಕೂರಿಸ್ಕೊಂಡು "ನಿನ್ನೆ ಎದ್ದಾಗಿಂದ ಮಲಗೋವರೆಗೂ ಏನೇನ್ ಹೊಟ್ಟೆಗೆ ಹೋಯ್ತು ಹೇಳಮ್ಮ" ಅಂತ ಕೇಳಿ. ಸಾಮಾನ್ಯವಾಗಿ ಬರೋ ಲೆಕ್ಕ ಹಿಂಗಿರುತ್ತೆ: ಬೆಳಗ್ಗೆ ಒಂದ್ ಬಾಟ್ಲು ಹಾಲು, ಹತ್ತು ಗಂಟೆಗೆ ಬಿಸ್ಕತ್ತು, ಅಳ್ತಾನೆ ಅಂತ ಇನ್ನೊಂದ್ ಬಾಟ್ಲು, ಅಜ್ಜಿ ಟೀಲಿ ಅದ್ದಿ ಕೊಟ್ಟ ರಸ್ಕು. ಒಂದ್ ಗಂಟೆಗೆ ಅನ್ನ ಕಲಸ್ಕೊಂಡ್ ಬಂದ್ರೆ ಹೊಟ್ಟೆಲಿ ಜಾಗ ಎಲ್ಲಿ? ಬಾಯಿ ಮುಚ್ಕೊಳ್ತಾನೆ, ಇವಳಿಗೆ ಗಾಬರಿ, ಆಗ ಫೋನ್ ಬರುತ್ತೆ. ಅಂದ್ರೆ ನೀವು ಫೋನ್ ಕಿತ್ಕೊಳ್ಳಿ ಅಂತಿದ್ದೀರಿ, ಬೇರು ಇರೋದು ಬಾಟ್ಲಲ್ಲಿ. ಈ ವಯಸ್ಸಿಗೆ ದಿನಕ್ಕೆ ಅರ್ಧ ಲೀಟರ್ ಹಾಲು ಧಾರಾಳ ಸಾಕು, ಮೀರಿದ್ರೆ ಊಟನೂ ಸೇರಲ್ಲ, ಕಬ್ಬಿಣಾಂಶನೂ ಕಮ್ಮಿಯಾಗಿ ರಕ್ತಹೀನತೆ ಬರಬಹುದು.

ಆಮೇಲೆ ಅವಳ ಭಯ ತೆಗೀರಿ, ಇದನ್ನೇ ನಾವು ನರ್ಸ್‌ಗಳು ಬಿಟ್ಟುಬಿಡೋದು. ಮೊದಲ ವರ್ಷ 6-7 ಕೆಜಿ ಏರೋ ಮಗು ಎರಡನೇ ವರ್ಷ ಸುಮಾರು ಎರಡೂವರೆ ಕೆಜಿ ಅಷ್ಟೇ ಏರೋದು, ಹಸಿವೂ ತಾನಾಗೇ ಇಳಿಯುತ್ತೆ. ತಾಯಿ ಕಾರ್ಡ್‌ನಲ್ಲಿರೋ ತೂಕದ ಗೆರೆ ಮೇಲೆ ಅವಳ ಬೆರಳು ಇಡಿಸಿ ತೋರಿಸಿ, ನೋಡಮ್ಮ ಮಗು ಸರಿಯಾಗೇ ಬೆಳೀತಿದೆ ಅಂತ. ಅದನ್ನ ಕಣ್ಣಾರೆ ನೋಡಿದ್ಮೇಲೆ ಒಂದು ಊಟ ತಪ್ಪಿದ್ರೂ ತಡ್ಕೊಳ್ಳೋ ಧೈರ್ಯ ಬರುತ್ತೆ.

ಮಾಡೋಕೆ ಒಂದೇ ಕೆಲಸ ಕೊಡಿ, ಅದನ್ನೂ ಅವಳೇ ಆರಿಸ್ಲಿ. ಹತ್ತು ಗಂಟೆ ಬಾಟ್ಲು ನಿಲ್ಸೋದೋ, ರಾತ್ರಿ ಊಟಕ್ಕೆ ಮಾತ್ರ ಫೋನ್ ಇಲ್ದೆ ಎಲ್ಲರ ಜೊತೆ ಕೂರ್ಸೋದೋ. 2 ವರ್ಷದೊಳಗೆ ಸ್ಕ್ರೀನ್ ಬೇಡವೇ ಬೇಡ, 5ರವರೆಗೆ ಹೆಚ್ಚಂದ್ರೆ 1 ಗಂಟೆ ಅಂತ ಮಕ್ಕಳ ಡಾಕ್ಟರ್‌ಗಳ ಸಂಘ ಐಎಪಿ ಹೇಳೋದು ನಿಜ, ಆದ್ರೆ ದಿನಕ್ಕೆ ನಾಲ್ಕು ಗಂಟೆ ನೋಡೋ ಮಗುವಿನ ತಾಯಿಗೆ ಅದನ್ನೇ ಮೊದಲು ಹೇಳಿದ್ರೆ ಮುಂದಿನ ಸಲ ಸುಳ್ಳು ಹೇಳ್ತಾಳೆ ಅಷ್ಟೆ. ಮೊದಮೊದಲು ಮಗು ರಂಪ ಮಾಡುತ್ತೆ ಅಂತ ಮುಂಚೆನೇ ಹೇಳಿಟ್ಟಿರಿ, ಇಲ್ಲಾಂದ್ರೆ ಸಂಜೆಗೇ ಫೋನ್ ವಾಪಸ್. ಅಜ್ಜಿ ಬಂದಿದ್ರೆ ಅವರನ್ನೂ ಒಳಗೆ ಕರೀರಿ, ರಸ್ಕ್ ಡಬ್ಬಿ ಅವರ ಕೈಲಿರೋದು!

ಹಲ್ಲುಜ್ಜೋ ಮಾತು ಇನ್ನೊಂದಿನಕ್ಕಿರಲಿ. ಒಂದೂವರೆ ವರ್ಷದ ಬೂಸ್ಟರ್ ಆದ್ಮೇಲೆ ಐದು ವರ್ಷದವರೆಗೆ ಸೂಜಿ ಇಲ್ಲ, ಆರು ತಿಂಗಳಿಗೊಮ್ಮೆ ವಿಟಮಿನ್ ಎ ಹನಿಗೆ ಬಂದಾಗಲೇ ಸಿಗೋದು, ಹಾಗಾಗಿ ಕಾರ್ಡ್ ಮೂಲೇಲಿ "ಹಾಲು ಕಮ್ಮಿ ಮಾಡೋದು" ಅಂತ ಅವಳು ಆರಿಸಿದ್ದನ್ನ ಬರ್ಕೊಳ್ಳಿ, ನಡುವೆ ಅಂಗನವಾಡಿ ಟೀಚರ್‌ಗೆ ವಿಚಾರಿಸೋಕೆ ಹೇಳಿ.

ಆದ್ರೆ ಗೆರೆ ಇಳೀತಿದ್ರೆ ಅಥವಾ ತೋಳಿನ ಸುತ್ತಳತೆ ನೋಡೋ ಪಟ್ಟಿ 12.5 ಸೆಂ.ಮೀ.ಗಿಂತ ಕಮ್ಮಿ ತೋರಿಸಿದ್ರೆ ಇದ್ಯಾವುದೂ ಬೇಡ, ಅವತ್ತೇ ಡಾಕ್ಟರ್‌ಗೆ ತೋರಿಸಿ.