ಓದದೆ ಉಳಿದ ಇ-ಪುಸ್ತಕಗಳು ರಾಶಿ ಬಿದ್ದಿರುವಾಗ ಹೊಸ ಖರೀದಿಯ ಖರ್ಚನ್ನು ತಗ್ಗಿಸುವುದು ಹೇಗೆ?

ಹಣ ಸೋರುವುದು ಹೆಚ್ಚಾಗಿ ದುಬಾರಿ ಪುಸ್ತಕಗಳಿಂದಲ್ಲ, ರಿಯಾಯಿತಿಯಲ್ಲಿ ಸಿಕ್ಕಿತೆಂದು ಕೊಂಡು ಮರೆತ ಅಗ್ಗದ ಪುಸ್ತಕಗಳಿಂದ. ₹399ರ ಪುಸ್ತಕ ₹99ಕ್ಕೆ ಸಿಕ್ಕಿದರೂ ಅದನ್ನು ತೆರೆಯದಿದ್ದರೆ ಉಳಿತಾಯವಾದದ್ದು ₹300 ಅಲ್ಲ, ನಷ್ಟವಾದದ್ದು ₹99.

ಆದ್ದರಿಂದ ಇಷ್ಟವಾದ ಪುಸ್ತಕವನ್ನು ಕೂಡಲೇ ಕೊಳ್ಳದೆ, ಅದರ ಉಚಿತ ಮಾದರಿ ಪುಟಗಳನ್ನಷ್ಟೇ ಇಳಿಸಿಕೊಳ್ಳಿ. ಕಿಂಡಲ್‌ನಲ್ಲಿ ಬಹುತೇಕ ಪುಸ್ತಕಗಳಿಗೆ ಈ ಸೌಲಭ್ಯವಿದೆ. ಮಾದರಿಯ ಕೊನೆಯ ಪುಟ ಮುಗಿದಾಗ ಮುಂದೇನಾಯಿತೆಂಬ ಕುತೂಹಲ ಉಳಿದಿದ್ದರೆ ಮಾತ್ರ ದುಡ್ಡು ಕೊಡಿ, ಇಲ್ಲವಾದರೆ ಅಳಿಸಿಬಿಡಿ. ಹೀಗೆ ಮಾಡಿದರೆ ಕಾಯುವ ಪಟ್ಟಿ ಎಷ್ಟೇ ಉದ್ದವಾದರೂ ಅದಕ್ಕೆ ಬಿಡಿಗಾಸಿನ ಖರ್ಚೂ ಇರುವುದಿಲ್ಲ.

ತಿಂಗಳ ಚಂದಾ ಯೋಜನೆಗಳ ಬಗ್ಗೆ ನನಗೆ ಅಷ್ಟು ಒಲವಿಲ್ಲ: ಕೊಂಡ ಪುಸ್ತಕಗಳೇ ಬಾಕಿಯಿರುವಾಗ ಚಂದಾ ಕಟ್ಟುವುದೆಂದರೆ ಒಂದೇ ಓದಿನ ಸಮಯಕ್ಕೆ ಎರಡು ಬಾರಿ ಹಣ ತೆತ್ತಂತೆ. ಬೇಕೇ ಬೇಕೆನಿಸಿದರೆ ರಜೆಯಿರುವ ಒಂದು ತಿಂಗಳಿಗೆ ಸೇರಿ, ಸ್ವಯಂ ನವೀಕರಣವನ್ನು ಅಂದೇ ರದ್ದುಮಾಡಿ.

ಕನ್ನಡದ ಹಳೆಯ ಕೃತಿಗಳಿಗಂತೂ ಹಣ ಕೊಡುವ ಮುನ್ನ ವಿಕಿಸೋರ್ಸ್ ಮತ್ತು ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಜಾಲತಾಣಗಳಲ್ಲಿ ಹುಡುಕಿ ನೋಡಿ. ಭಾರತದಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ ಲೆಕ್ಕಹಾಕಿ 60 ವರ್ಷ ಕಳೆದ ಮೇಲೆ ಕೃತಿಸ್ವಾಮ್ಯ ಮುಗಿಯುವುದರಿಂದ, 1946ರಲ್ಲಿ ನಿಧನರಾದ ಬಿ.ಎಂ.ಶ್ರೀ ಮತ್ತು ಟಿ.ಪಿ.ಕೈಲಾಸಂ ಅವರ ಬರಹಗಳು 2007ರಿಂದಲೇ ಮುಕ್ತವಾಗಿವೆ. ಈಗಿನ ಲೇಖಕರ ಪುಸ್ತಕಗಳನ್ನು ಮಾತ್ರ ಮೈಲ್ಯಾಂಗ್‌ನಂಥ ಕನ್ನಡ ಇ-ಪುಸ್ತಕ ಮಳಿಗೆಗಳಲ್ಲಿ ಕೊಂಡೇ ಓದಿ; ಉಳಿಸಿದ ಹಣ ಹೋಗಬೇಕಾದದ್ದೂ ಅಲ್ಲಿಗೇ.