ಕೇಬಲ್‌ನಲ್ಲಿ ಏನೂ ಓಡುತ್ತಿಲ್ಲ, ಆದರೂ ಟೆಸ್ಟ್ ಫೇಲ್

ಪ್ರಶ್ನೆ: ನಮ್ಮದು ನಾಲ್ಕು ಜನರ ಸಣ್ಣ ಕಂಪನಿ. ಅಂಗಡಿಗಳ ಫ್ರೀಜರ್‌ಗೆ ತಾಪಮಾನದ ಕಂಟ್ರೋಲರ್ ಮಾಡುತ್ತೇವೆ. ಎರಡು ಪದರದ ಬೋರ್ಡ್, 16 ಮೆಗಾಹರ್ಟ್ಸ್ ಕ್ಲಾಕ್, ಸೆನ್ಸರ್‌ಗೆ ಒಂದೂವರೆ ಮೀಟರ್ ಕೇಬಲ್. ಗಿರಾಕಿ ಕ್ಲಾಸ್ ಬಿ (ಸಾಧನ ಹೊರಸೂಸುವ ರೇಡಿಯೋ ಗದ್ದಲಕ್ಕೆ ಇರುವ ಬಿಗಿಯಾದ ಮಿತಿ) ಕೇಳಿದ್ದಾರೆ. ಲ್ಯಾಬ್‌ನಲ್ಲಿ 48 ಮೆಗಾಹರ್ಟ್ಸ್‌ನಲ್ಲಿ 7 ಡಿಬಿ (ಡೆಸಿಬೆಲ್), 80ರಲ್ಲಿ 4 ಡಿಬಿ ಮಿತಿ ದಾಟಿತು. ಕೇಬಲ್ ಬಿಚ್ಚಿದರೆ ಪಾಸ್! ಆದರೆ ಅದರಲ್ಲಿ ನಿಧಾನವಾಗಿ ಬದಲಾಗುವ ಸೆನ್ಸರ್ ವೋಲ್ಟೇಜ್ ಬಿಟ್ಟರೆ ಬೇರೇನೂ ಇಲ್ಲ. ಸಿಮ್ಯುಲೇಶನ್ ಸಾಫ್ಟ್‌ವೇರ್ ಕೊಂಡರೆ ಇದನ್ನು ಮೊದಲೇ ಹಿಡಿಯಬಹುದೇ ಸರ್?
— ಓದುಗರು, ಬೆಂಗಳೂರು

ಉತ್ತರ: ಸದ್ಯಕ್ಕೆ ಕೊಳ್ಳಬೇಡಿ. ಇಎಂಐ (ಸಾಧನದಿಂದ ಹೊಮ್ಮುವ ವಿದ್ಯುತ್ಕಾಂತೀಯ ಅಡಚಣೆ) ಸರಿಮಾಡಲು ಹೋಗಿ ಬ್ಯಾಂಕಿಗೆ ಇನ್ನೊಂದು ಇಎಂಐ ಕಟ್ಟುವ ಹಾಗಾಗುತ್ತದೆ. ನಿಮಗೆ ಬೇಕಾದ ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ.

48 ಅಂದರೆ 16ರ ಮೂರು ಪಟ್ಟು, 80 ಅಂದರೆ ಐದು ಪಟ್ಟು. ಚೌಕ ಅಲೆಯಲ್ಲಿ ಈ ಬೆಸ ಪಟ್ಟುಗಳೇ ಜೋರು. ಹಾಗಾಗಿ ಗಲಾಟೆ ಎಬ್ಬಿಸುತ್ತಿರುವುದು ಕ್ಲಾಕ್. ಕೇಬಲ್ ಬರೀ ಆಂಟೆನಾ. 48 ಮೆಗಾಹರ್ಟ್ಸ್‌ನ ತರಂಗದ ಉದ್ದ ಸುಮಾರು 6.25 ಮೀಟರ್. ಅದರ ಕಾಲು ಭಾಗ ಒಂದೂವರೆ ಮೀಟರಿಗೆ ಹತ್ತಿರ, ಅಲ್ವಾ? ನಿಮ್ಮ ಕೇಬಲ್ ಆ ಫ್ರೀಕ್ವೆನ್ಸಿಗೆ ಹೇಳಿ ಮಾಡಿಸಿದಂತಿದೆ.

ಕೇಬಲ್‌ನ ಎಲ್ಲ ತಂತಿಗಳಲ್ಲೂ ಒಂದೇ ದಿಕ್ಕಿಗೆ ಓಡುವ ಕರೆಂಟನ್ನು ಕಾಮನ್ ಮೋಡ್ ಎನ್ನುತ್ತೇವೆ. ಇದು ಎಷ್ಟಿದ್ದರೆ ಸಾಕು ಗೊತ್ತೇ? ಒಂದು ಮೀಟರ್ ಕೇಬಲ್‌ನಲ್ಲಿ, 50 ಮೆಗಾಹರ್ಟ್ಸ್‌ನಲ್ಲಿ, ಬರೀ 5 ಮೈಕ್ರೋಆಂಪ್. ಮೂರು ಮೀಟರ್ ದೂರದಲ್ಲಿ ಅಳೆದರೆ ಅದು ಮೀಟರಿಗೆ ಸುಮಾರು 100 ಮೈಕ್ರೋವೋಲ್ಟ್ ಆಗುತ್ತದೆ. ಕ್ಲಾಸ್ ಬಿ ಮಿತಿ ಇರುವುದೂ ಅಲ್ಲೇ. ಇಷ್ಟು ಚಿಕ್ಕ ಕರೆಂಟ್ ನಿಮ್ಮ ಸ್ಕೀಮ್ಯಾಟಿಕ್‌ನಲ್ಲಿ (ಸರ್ಕ್ಯೂಟಿನ ನಕ್ಷೆಯಲ್ಲಿ) ಎಲ್ಲೂ ಕಾಣುವುದಿಲ್ಲ. ಸ್ಕೀಮ್ಯಾಟಿಕ್‌ನಲ್ಲಿ ಇಲ್ಲದ್ದನ್ನು ನೀವೇ ಮಾಡೆಲ್‌ಗೆ ಸೇರಿಸದಿದ್ದರೆ, ಲಕ್ಷಗಟ್ಟಲೆ ಬೆಲೆಯ ಸಾಫ್ಟ್‌ವೇರಿಗೂ ಅದು ಕಾಣುವುದಿಲ್ಲ.

ನನ್ನದೇ ಕಥೆ ಹೇಳುತ್ತೇನೆ. ಒಮ್ಮೆ ಎರಡು ವಾರ ಕೂತು ಲೋಹದ ಪೆಟ್ಟಿಗೆಯೊಂದನ್ನು ಸಿಮ್ಯುಲೇಟ್ ಮಾಡಿದ್ದೆ. ಪರದೆಯ ಮೇಲೆ ಎಲ್ಲ ಚೆನ್ನಾಗಿತ್ತು. ಲ್ಯಾಬ್‌ನಲ್ಲಿ ಫೇಲ್. ಬಾಗಿಲಿನ ಅಂಚಿಗೂ ಪೇಂಟ್ ಹೊಡೆದಿದ್ದರು, ಲೋಹಕ್ಕೆ ಲೋಹ ತಾಗುತ್ತಲೇ ಇರಲಿಲ್ಲ. ನಾನು ಮಾಡೆಲ್‌ನಲ್ಲಿ ಪೇಂಟ್ ಹಾಕಿರಲಿಲ್ಲ!

ಹಾಗಂತ ಸಾಫ್ಟ್‌ವೇರ್ ದಂಡ ಅಂತಲ್ಲ. ಪಾಸೋ ಫೇಲೋ ಅಂತ ಅದನ್ನು ಕೇಳಬೇಡಿ, ಸಣ್ಣ ಸಣ್ಣ ಪ್ರಶ್ನೆ ಕೇಳಿ. ಮೊದಲು ಲೇಔಟ್. ಬೋರ್ಡ್ ವಿನ್ಯಾಸದ ಸಾಫ್ಟ್‌ವೇರ್ ಕೀಕ್ಯಾಡ್ ಆಗಲಿ, ನೀವು ಬಳಸುವ ಬೇರೆ ಯಾವುದೇ ಆಗಲಿ, ಗ್ರೌಂಡ್ ಪದರವನ್ನು ಮಾತ್ರ ತೆರೆದಿಟ್ಟು ಕ್ಲಾಕ್ ನೆಟ್ (ಕ್ಲಾಕ್ ಓಡುವ ತಾಮ್ರದ ಗೆರೆ, ಅಂದರೆ ಟ್ರೇಸ್) ಹೈಲೈಟ್ ಮಾಡಿ. ಟ್ರೇಸ್‌ನ ಕೆಳಗೆ ತಾಮ್ರ ಎಲ್ಲಾದರೂ ಕತ್ತರಿಸಿದೆಯೇ ನೋಡಿ. ಎರಡು ಪದರದ ಬೋರ್ಡಿನಲ್ಲಿ ಯಾವುದೋ ಟ್ರೇಸ್ ಅಡ್ಡ ಬಂದು ಗ್ರೌಂಡ್ ಸೀಳಿರುವುದೇ ಜಾಸ್ತಿ. ಕ್ಲಾಕ್‌ನ ಕರೆಂಟ್ ವಾಪಸ್ ಬರಲು ಆ ಸೀಳನ್ನು ಸುತ್ತಿ ಬರಬೇಕು. ಆಗ ಗ್ರೌಂಡಿನ ಎರಡು ತುದಿಗಳ ನಡುವೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆ, ಆ ವೋಲ್ಟೇಜೇ ಕೇಬಲ್‌ಗೆ ಕಾಮನ್ ಮೋಡ್ ಕರೆಂಟನ್ನು ತಳ್ಳುತ್ತದೆ. ಹೈಪರ್‌ಲಿಂಕ್ಸ್ ಡಿಆರ್‌ಸಿಯಂಥ ದುಬಾರಿ ಟೂಲ್‌ಗಳು ಈ ಸೀಳನ್ನು ತಾವೇ ಹುಡುಕಿ ಕೊಡುತ್ತವೆ. ನಿಮ್ಮದು ಸಣ್ಣ ಬೋರ್ಡ್, ಕಣ್ಣೇ ಸಾಕು.

ಆಮೇಲೆ ಎಲ್‌ಟಿಸ್ಪೈಸ್ ಎಂಬ ಸರ್ಕ್ಯೂಟ್ ಸಿಮ್ಯುಲೇಟರ್. ಉಚಿತ. ಆದರೆ ಫಿಲ್ಟರ್‌ಗೆಂದು 100 ನ್ಯಾನೋಫ್ಯಾರಡ್ ಕೆಪಾಸಿಟರನ್ನು ಸುಮ್ನೆ ಎಳೆದು ತಂದು ಇಟ್ಟರೆ ಅದು ಸುಳ್ಳು ಹೇಳುತ್ತದೆ. ನಿಜವಾದ ಕೆಪಾಸಿಟರ್‌ನೊಳಗೆ ಸ್ವಲ್ಪ ಇಂಡಕ್ಟನ್ಸ್ ಇದ್ದೇ ಇರುತ್ತದೆ, ಅದಕ್ಕಾಗಿ ಜೊತೆಗೆ 1 ನ್ಯಾನೋಹೆನ್ರಿ ಸೇರಿಸಿ. ಆಗ ಅದು 16 ಮೆಗಾಹರ್ಟ್ಸ್‌ವರೆಗೆ ಮಾತ್ರ ಕೆಪಾಸಿಟರ್, ಅದರಾಚೆಗೆ ಇಂಡಕ್ಟರ್. ಒಂದು ಸೆಂಟಿಮೀಟರ್ ಟ್ರೇಸ್‌ಗೆ ಇನ್ನೂ 10 ನ್ಯಾನೋಹೆನ್ರಿ ಸೇರಿಸಿದರೆ ಆ ಗಡಿ 5 ಮೆಗಾಹರ್ಟ್ಸ್ ಹತ್ತಿರಕ್ಕೆ ಇಳಿಯುತ್ತದೆ. ಕನೆಕ್ಟರ್ ಹತ್ತಿರ ಫಿಲ್ಟರ್ ಹಾಕಿದರೂ ಕೆಲಸ ಮಾಡಲಿಲ್ಲ ಎಂಬ ದೂರು ಬಹಳಷ್ಟು ಸಲ ಇಲ್ಲೇ ಹುಟ್ಟುತ್ತದೆ. ಓಪನ್‌ಇಎಂಎಸ್ ಎಂಬ ಉಚಿತ ಫೀಲ್ಡ್ ಸಿಮ್ಯುಲೇಟರ್ ಕೂಡ ಇದೆ. ಕಲಿಯಲು ಸಮಯ ಹಿಡಿಯುತ್ತದೆ. ಈ ತೊಂದರೆಗೆ ಅದು ಬೇಡ.

ಇನ್ನು ಯಾರೂ ಲೆಕ್ಕಕ್ಕೆ ಹಿಡಿಯದ ಸಾಫ್ಟ್‌ವೇರ್ ಒಂದಿದೆ, ನಿಮ್ಮದೇ ಫರ್ಮ್‌ವೇರ್. ಹಲವು ಮೈಕ್ರೋಕಂಟ್ರೋಲರ್‌ಗಳಲ್ಲಿ ಪಿನ್ ಎಷ್ಟು ಬೇಗ ಏರಿಳಿಯಬೇಕು ಎಂದು ರಿಜಿಸ್ಟರ್‌ನಲ್ಲಿ ಹೇಳಬಹುದು. ಉದಾಹರಣೆಗೆ, ಎಸ್‌ಟಿಎಂ32 ಕುಟುಂಬದ ಹಲವು ಚಿಪ್‌ಗಳಲ್ಲಿ ಇದಕ್ಕೆ ನಾಲ್ಕು ಹಂತಗಳಿವೆ. ಮಾದರಿ ಕೋಡಿನಿಂದ ನಕಲು ಮಾಡಿದವರು ಅತಿ ವೇಗದ್ದನ್ನೇ ಬಿಟ್ಟಿರುತ್ತಾರೆ. ಕ್ಲಾಕ್ ಪಿನ್‌ನಿಂದಲೇ ಹೊರಬರುತ್ತಿದ್ದರೆ ಒಂದು ಹಂತ ಇಳಿಸಿ ನೋಡಿ. ಖರ್ಚು ಸೊನ್ನೆ. ಪಿನ್ ಪಕ್ಕದಲ್ಲೇ 33 ಓಮ್ ರೆಸಿಸ್ಟರ್ ಸರಣಿಯಲ್ಲಿ ಹಾಕಿದರೂ ಅದೇ ದಿಕ್ಕಿನ ಲಾಭ. 7 ಡಿಬಿ ಇಳಿಯಬೇಕೆಂದರೆ ಕೇಬಲ್‌ನ ಕರೆಂಟ್ ಅರ್ಧಕ್ಕಿಂತ ಕೆಳಗೆ ಬರಬೇಕು. ಸೀಳು ಮುಚ್ಚಿ, ಅಂಚು ನಿಧಾನ ಮಾಡಿದರೆ ಇದು ದೊಡ್ಡ ಗುರಿಯೇನಲ್ಲ.

ಬದಲಾವಣೆ ಫಲ ಕೊಟ್ಟಿತೇ ಎಂದು ಮೇಜಿನ ಮೇಲೇ ನೋಡಬಹುದು. ಕಂಪ್ಯೂಟರಿಗೆ ಸಿಕ್ಕಿಸುವ ರೇಡಿಯೋ ರಿಸೀವರ್ ಆದ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಸುಮಾರು 24 ಮೆಗಾಹರ್ಟ್ಸ್‌ನಿಂದ ಮೇಲೆ ಕೇಳಿಸಿಕೊಳ್ಳುತ್ತದೆ. ಅದಕ್ಕೊಂದು ಕ್ಲಾಂಪ್ ಕರೆಂಟ್ ಪ್ರೋಬ್ ಜೋಡಿಸಿ ಕೇಬಲ್ ಸುತ್ತ ಹಾಕಿ, ಗೇನ್ ಒಂದೇ ಕಡೆ ಇಟ್ಟು 48 ಮತ್ತು 80ರ ಗೆರೆ ನೋಡಿ. ನಿಜವಾದ ಅಳತೆ ಸಿಗದು, ಮೊದಲಿಗಿಂತ ಎಷ್ಟು ಡಿಬಿ ಇಳಿಯಿತು ಎಂಬುದು ಸಿಗುತ್ತದೆ.

ಮುಂದಿನ ಸಲ ಲ್ಯಾಬ್‌ಗೆ ಹೋಗುವಾಗ ಎರಡು ಫರ್ಮ್‌ವೇರ್, 22ರಿಂದ 47 ಓಮ್‌ವರೆಗಿನ ರೆಸಿಸ್ಟರ್‌ಗಳು, ತಾಮ್ರದ ಟೇಪ್, ಕೇಬಲ್‌ಗೆ ಸಿಕ್ಕಿಸುವ ಎರಡು ಫೆರೈಟ್ (ಕಾಮನ್ ಮೋಡ್ ಕರೆಂಟನ್ನು ತಡೆಯುವ ಉಂಗುರ) ಚೀಲದಲ್ಲಿರಲಿ. ಫೆರೈಟನ್ನು ಬೋರ್ಡಿನ ತುದಿಗೆ ಹಾಕಿ, ಸೆನ್ಸರ್ ತುದಿಗಲ್ಲ.