ಮಾರ್ಕೆಟ್ ಬಿದ್ದಾಗ ಹಸಿರು ಷೇರು ಕೈ ಹಿಡಿಯುತ್ತಾ?

ಎಂಟು ಲಕ್ಷದಲ್ಲಿ ಐದು ಲಕ್ಷ ಸೋಲಾರ್, ಗಾಳಿ ವಿದ್ಯುತ್ ಕಂಪನಿಗಳ ಷೇರಿಗೆ ಹಾಕಿದ್ದೀನಿ, ಮಾರ್ಕೆಟ್ ಕುಸಿದರೆ ಇವು ಉಳಿಸುತ್ತವೆ ಅಲ್ವಾ ಅಂತ ಕೇಳಿದ್ದೀರಿ. ಇಲ್ಲ, ಉಳಿಸಲ್ಲ. ಹಸಿರಾದ್ರೂ ಷೇರು ಷೇರೇ.

ನಾನು ಕಲಬುರಗಿ ಗಂಜ್‌ನಲ್ಲಿ ಅಡತ್ ಅಂಗಡಿಯ ಲೆಕ್ಕ ಬರೆಯುತ್ತೇನೆ. ದೇಶದ ಮೊದಲ ಕೊರೊನಾ ಸಾವು ನಮ್ಮೂರಿನದ್ದು ಅಂತ ಖಾತ್ರಿಯಾಗಿದ್ದು 2020ರ ಮಾರ್ಚ್ 12ಕ್ಕೆ. ಅವತ್ತೇ ಸೆನ್ಸೆಕ್ಸ್ 2,919 ಪಾಯಿಂಟ್ ಬಿತ್ತು. 23ಕ್ಕೆ ಮತ್ತೆ 3,935. ಬಾಗಿಲು ಹಾಕಿಕೊಂಡು ಮೊಬೈಲ್ ನೋಡ್ತಾ ಕೂತಿದ್ದೆ: ಬ್ಯಾಂಕ್, ಸಿಮೆಂಟ್, ಗಾಳಿ ವಿದ್ಯುತ್, ಎಲ್ಲಾ ಕೆಂಪು. ಗಾಬರಿಬಿದ್ದ ಜನ ಯಾವುದು ಹಸಿರು, ಯಾವುದು ಕಲ್ಲಿದ್ದಲು ಅಂತ ನೋಡಲ್ಲ, ರೊಕ್ಕ ಕೈಗೆ ಬಂದರೆ ಸಾಕು ಅಂತ ಮಾರ್ತಾರೆ. ಏಪ್ರಿಲ್‌ನಲ್ಲಿ ನನ್ನ ಪಗಾರ ನಿಂತಿತು. ಅಮ್ಮನ ಔಷಧಿಗೆ ಷೇರುಗಳನ್ನು ಹೆಚ್ಚುಕಡಿಮೆ ಅರ್ಧ ಬೆಲೆಗೆ ಮಾರಿದೆ. ಆರು ತಿಂಗಳ ಖರ್ಚು ಎಫ್‌ಡಿಯಲ್ಲಿ ಇದ್ದಿದ್ದರೆ ಮಾರಬೇಕಾಗಿರಲಿಲ್ಲ, ಇವತ್ತಿಗೂ ಮನಸ್ಸಿಗೆ ಚುಚ್ಚುತ್ತೆ. ಆ ವರ್ಷ ಏರಿದ್ದು ಚಿನ್ನ. ಆಗಸ್ಟ್‌ನಲ್ಲಿ ಹತ್ತು ಗ್ರಾಂ 55 ಸಾವಿರ ದಾಟಿತು.

ಪ್ರತಿ ಸಂಕಟವೂ ಒಂದೇ ಥರ ಬರಲ್ಲ, ಇದನ್ನು ಮರೀಬೇಡಿ. 2020ರ ಏಪ್ರಿಲ್‌ನಲ್ಲಿ ಅಮೆರಿಕದ ಕಚ್ಚಾ ತೈಲದ ವಾಯಿದೆ ಬೆಲೆ (ಮುಂದಿನ ತಿಂಗಳ ಮಾಲಿಗೆ ಈಗಲೇ ಕುದುರಿಸೋ ದರ) ಸೊನ್ನೆಗಿಂತ ಕೆಳಗೆ ಹೋಗಿತ್ತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ತೈಲ ನೂರು ಡಾಲರ್ ದಾಟಿತು, ತೈಲ ತೆಗೆಯೋ, ಕಲ್ಲಿದ್ದಲು ತೆಗೆಯೋ ಕಂಪನಿಗಳಿಗೆ ಒಳ್ಳೇ ಲಾಭ. ಅದೇ ಹೊತ್ತಿಗೆ ಬಡ್ಡಿ ಏರಿತು, 2023ರ ಫೆಬ್ರವರಿ ಹೊತ್ತಿಗೆ ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡೋ ಬಡ್ಡಿ, ಅಂದರೆ ರೆಪೋ ದರ, ಶೇ. 4ರಿಂದ 6.5ಕ್ಕೆ ಬಂದಿತ್ತು. ಸೋಲಾರ್ ಪಾರ್ಕ್ ಕಟ್ಟೋದು ಬಹುಪಾಲು ಸಾಲದ ಮೇಲೆ, ಬಡ್ಡಿ ಏರಿದರೆ ಅವಕ್ಕೇ ಏಟು ಜಾಸ್ತಿ. ಅದಕ್ಕೇ ತೈಲ, ಕಲ್ಲಿದ್ದಲಿನಂಥ ಹಳೇದೂ ಇರಲಿ, ಹಸಿರೂ ಇರಲಿ ಅನ್ನೋದು.

ನಮ್ಮ ಕಡೆ ತೊಗರಿ ಜೊತೆ ಹೆಸರು, ಉದ್ದು ಬಿತ್ತುತ್ತಾರೆ. ಹೆಸರು ಮೊದಲೇ ಕೈಗೆ ಬರುತ್ತೆ, ಆಮೇಲೆ ತೊಗರಿಗೆ ನೆಟೆ ರೋಗ ಬಂದರೂ ಮನೆ ನಡೆಯುತ್ತೆ. ನೀವು ಮಾಡಿರೋದು ಎರಡು ತಳಿಯ ತೊಗರಿ ಬಿತ್ತಿ ಮಿಶ್ರ ಬೆಳೆ ಅಂದ ಹಾಗೆ. ಹಸಿರು ವಿದ್ಯುತ್ ಯೋಜನೆಗಳಿಗೆ ಸಾಲ ಕೊಡೋ ಸರ್ಕಾರಿ ಕಂಪನಿ ಇರೆಡಾದ ಷೇರು ನೋಡಿ: 2023ರ ನವೆಂಬರ್‌ನಲ್ಲಿ 32 ರೂಪಾಯಿಗೆ ಕೊಟ್ಟರು, 2024ರ ಜುಲೈನಲ್ಲಿ 300 ದಾಟಿತು, ಮುಂದಿನ ಮಾರ್ಚ್ ಹೊತ್ತಿಗೆ ಅರ್ಧಕ್ಕಿಂತ ಕೆಳಗೆ ಬಂದಿತ್ತು. ಮೇಲೆ ಕೊಂಡವರ ಗತಿ ಏನು?

ಹಸಿರೇ ಬೇಕು ಅಂದರೆ ಕೇಂದ್ರ ಸರ್ಕಾರದ ಗ್ರೀನ್ ಬಾಂಡ್ ಇದೆ, ಅಂದರೆ ಹಸಿರು ಯೋಜನೆಗಳಿಗೆ ಸರ್ಕಾರ ನಮ್ಮಿಂದ ತಗೊಳ್ಳೋ ಸಾಲದ ಪತ್ರ. 2023ರ ಜನವರಿಯಲ್ಲಿ ಮೊದಲ ಸಲ ಬಂತು, ಐದು ವರ್ಷದ್ದಕ್ಕೆ ಶೇ. 7.10, ಹತ್ತು ವರ್ಷದ್ದಕ್ಕೆ 7.29 ಬಡ್ಡಿ. ಹೊಸದು ಬಂದಾಗ ಆರ್‌ಬಿಐ ರಿಟೇಲ್ ಡೈರೆಕ್ಟ್ ಖಾತೆಯಿಂದ (ಜನ ಸರ್ಕಾರಿ ಬಾಂಡ್ ನೇರವಾಗಿ ಕೊಳ್ಳೋ ಆನ್‌ಲೈನ್ ಖಾತೆ) ಹತ್ತು ಸಾವಿರದಿಂದ ಕೊಳ್ಳಬಹುದು. ಮಧ್ಯದಲ್ಲಿ ಮಾರೋಕೆ ಹೋದರೆ ಗಿರಾಕಿ ಕಡಿಮೆ, ಅವಧಿ ಮುಗಿಯೋವರೆಗೆ ಬೇಡದ ರೊಕ್ಕ ಮಾತ್ರ ಹಾಕಿ.

ನಾನು ಪ್ರತಿ ಜನವರಿ, ತೊಗರಿ ರಾಶಿ ಮುಗಿದ ಮೇಲೆ, ಲೆಕ್ಕ ತೆಗೆದು ಕೂರುತ್ತೇನೆ. ಜಾಸ್ತಿ ಏರಿದ್ದನ್ನು ಸ್ವಲ್ಪ ಮಾರಿ, ಸೊರಗಿದ್ದಕ್ಕೆ ಹಾಕುತ್ತೇನೆ. ನಿಮ್ಮ ಜಾಗದಲ್ಲಿ ಇದ್ದರೆ ಮೊದಲು ಆರು ತಿಂಗಳ ಖರ್ಚು ಎಫ್‌ಡಿಗೆ ಇಟ್ಟು, ಆ ಐದು ಲಕ್ಷವನ್ನು ನಿಧಾನಕ್ಕೆ ಒಂದೂವರೆ ಲಕ್ಷಕ್ಕೆ ಇಳಿಸುತ್ತಿದ್ದೆ. ವರ್ಷ ತುಂಬಿದ ಷೇರನ್ನೇ ಮೊದಲು ಮಾರಿ, ತೆರಿಗೆ ಕಡಿಮೆ ಬೀಳುತ್ತೆ.